ಸೋದರಮಾವನ ತಟ್ಟೆ

ಆ ಹುಡುಗಿ ನನ್ನ ಕೋಣೆಗೆ ಹನ್ನೊಂದು ಸಲ ಬಂದು ಕೂತಿದ್ದಳು. ಹನ್ನೊಂದು ಸಲವೂ ಒಂದು ಮಾತೂ ಆಡಿರಲಿಲ್ಲ. ಅದೇ ಪಕ್ಕದ ಹೊಲಿಗೆ ಕೋಣೆಗೆ ಹೋದಳೆಂದರೆ ಅವಳ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ. ಎರಡು ಕೋಣೆಗಳ ನಡುವಿನ ಗೋಡೆ ಸೂರನ್ನು ಮುಟ್ಟಿರಲಿಲ್ಲ; ಮೇಲೆ ಎರಡಡಿ ಹಾಗೇ ಬಿಟ್ಟಿದ್ದರು. ಆ ಎರಡಡಿಯಿಂದ ಅವಳ ನಗು ನನ್ನ ಮೇಜಿನವರೆಗೂ ಬರುತ್ತಿತ್ತು.

ಗುಂಡ್ಲುಪೇಟೆಯ ಒಂದು ಹೈಸ್ಕೂಲು. ಮೊಬೈಲ್ ಕೈಗೆ ಬಂದಿತ್ತು, ಸಿಗ್ನಲ್ ಇನ್ನೂ ಸರಿಯಾಗಿ ಬಂದಿರಲಿಲ್ಲ, ಅಂಥ ವರ್ಷಗಳು. ಹೊರಗಿನಿಂದ ಬಂದು ನೆಲೆಸಿದ ಕುಟುಂಬಗಳ ಮಕ್ಕಳ ಮನಸ್ಸಿನ ಕಷ್ಟ ಕೇಳಿ ನೆರವಾಗಲಿ ಎಂದು ಮೈಸೂರಿನ ಒಂದು ಸಂಸ್ಥೆ ನನ್ನನ್ನು ಆ ಶಾಲೆಗೆ ಹಾಕಿತ್ತು. ಬೇಗೂರಿನ ಕಡೆ ಕಲ್ಲುಕ್ವಾರಿಗಳಲ್ಲಿ ಕೆಲಸ ಮಾಡಲು ತಮಿಳುನಾಡಿನಿಂದ ಬಂದವರು, ಶುಂಠಿ ಬೆಳೆಯಲು ಕೇರಳದಿಂದ ಬಂದವರು, ಎಲ್ಲರ ಮಕ್ಕಳೂ ಅಲ್ಲಿದ್ದರು. ನನಗೆ ಕೊಟ್ಟಿದ್ದ ಸಾಮಾನು: ಒಂದು ಮೇಜು, ಎರಡು ಕುರ್ಚಿ, ಹನ್ನೆರಡು ಬಗೆಯ ಮುಖಗಳ ಚಿತ್ರವಿದ್ದ ಕಾರ್ಡುಗಳು, ಮತ್ತು ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಒಂದು ಪ್ರಶ್ನಾವಳಿ. ‘ಕಳೆದ ಎರಡು ವಾರಗಳಲ್ಲಿ ನಿನಗೆ ಎಷ್ಟು ಬಾರಿ ನಿರಾಶಾಭಾವ ಉಂಟಾಯಿತು?’ ಅದರ ಮುಂದೆ ನಾಲ್ಕು ಚೌಕ. ಹುಡುಗಿ ಕಾರ್ಡುಗಳನ್ನು ಇಸ್ಪೀಟು ಆಡಲು ಕರೆದಿದ್ದಾರೇನೋ ಎಂಬಂತೆ ನೋಡುತ್ತಿದ್ದಳು. ಪ್ರಶ್ನೆ ಓದಿದರೆ ತಲೆ ತಗ್ಗಿಸುತ್ತಿದ್ದಳು. ಬೆಲ್ ಹೊಡೆದರೆ ಎದ್ದು ಹೋಗುತ್ತಿದ್ದಳು.

ಅವಳು ಒಂಬತ್ತನೇ ಕ್ಲಾಸು. ಅಪ್ಪ ಅಮ್ಮ ಇಬ್ಬರೂ ಕ್ವಾರಿಯಲ್ಲಿ ಕೆಲಸ. ಅವಳನ್ನು ನನ್ನ ಬಳಿಗೆ ಕಳಿಸಿದವರು ಹೆಡ್‌ಮಾಸ್ಟರು.

“ನೋಡಮ್ಮ, ಪರೀಕ್ಷೆ ಮುಗೀತಿದ್ದಂಗೇ ಈ ಮಗೀನ ಟಿಸಿ ಕೊಡಿ ಅಂತ ಅವರಪ್ಪ ಬಂದು ನಿಂತವ್ನೆ. ತಮಿಳುನಾಡಲ್ಲಿ ಎಂಥದೋ ನೂಲಿನ ಗಿರಣಿಯಂತೆ. ಮೂರು ವರ್ಷ ಅಲ್ಲೇ ಹಾಸ್ಟೆಲ್ನಲ್ಲಿಟ್ಕಂಡು ದುಡಿಸ್ಕತ್ತಾರಂತೆ. ಏಜೆಂಟು ಬಂದು ಮಾತಾಡ್ಕಂಡು ಹೋಗವ್ನೆ. ಮಗು ಊಟಾನೂ ಬುಟ್ಟದೆ, ಮಾತೂ ಬುಟ್ಟದೆ. ಇದನ್ನ ನಿಲ್ಲಿಸಿ. ಅದಕ್ಕೇ ತಾನೆ ನೀವಿರೋದು?”

ಅದಕ್ಕೇ ನಾನಿದ್ದದ್ದು. ಹಾಗಾಗಿ ಹನ್ನೊಂದು ಸಲ ಕರೆಸಿದೆ.

ಗೋಡೆಯ ಆ ಕಡೆಯ ಹೊಲಿಗೆ ಮಿಸ್ಸು ಎಸ್ಸೆಸ್ಸೆಲ್ಸಿ ಮುಗಿಸಿದವರಲ್ಲ. ಪೇಟೆಯ ದರ್ಜಿ ಮನೆತನದ ಸೊಸೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ನಮ್ಮ ಸೀಮೆಯ ಕನ್ನಡ, ಕ್ವಾರಿ ಮಕ್ಕಳ ಜೊತೆ ತಮಿಳು. ವಾರಕ್ಕೆ ಮೂರು ಪೀರಿಯಡ್ಡು, ಶನಿವಾರ ಶಾಲೆ ಬಿಟ್ಟ ಮೇಲೆ ಎರಡು ಗಂಟೆ. ಮಕ್ಕಳು ಅವರಿಗೆ ಹಸಿಗಡಲೆ, ಸೀಬೆಕಾಯಿ, ಯಾರದೋ ಹೊಲದ ಚೆಂಡುಹೂವು ತಂದು ಕೊಡುತ್ತಿದ್ದರು. ನನಗೆ ನಮಸ್ಕಾರ ಕೊಡುತ್ತಿದ್ದರು. ಅವರ ಕೋಣೆಯ ಬಾಗಿಲಲ್ಲಿ ಚಪ್ಪಲಿಗಳು ರಾಶಿ ಬಿದ್ದಿರುತ್ತಿದ್ದವು. ನನ್ನ ಬಾಗಿಲಲ್ಲಿ ಇದ್ದದ್ದು ನನ್ನದೊಂದೇ ಜೊತೆ.

ಒಮ್ಮೆ ಟೀ ಕುಡಿಯುವಾಗ, ಏನೂ ಅಲ್ಲವೆಂಬಂತೆ ಕೇಳಿದೆ: “ಮಕ್ಕಳನ್ನ ನೀವು ಏನು ಕೇಳ್ತೀರಿ?”

“ಏನೂ ಕೇಳಲ್ಲ ಮೇಡಂ. ಅಳತೆ ತಗೋತೀನಿ.”

ನಾನು ನಕ್ಕೆ. ಅವರು ನಗಲಿಲ್ಲ. ಟೇಪು ಸುತ್ತಿಟ್ಟಿದ್ದ ನೋಟ್‌ಬುಕ್ ತೆಗೆದು ತೋರಿಸಿದರು. ಪ್ರತಿ ಮಗುವಿಗೂ ಒಂದು ಪುಟ. ತಿಂಗಳಿಗೊಮ್ಮೆ ಎದೆ, ಸೊಂಟ, ತೋಳು. “ಇವಳು ನೋಡಿ, ದೀಪಾವಳಿಯಿಂದೀಚೆಗೆ ಸೊಂಟ ಎರಡಿಂಚು ಇಳಿದದೆ. ಊಟ ಬಿಟ್ಟವ್ಳೆ ಅಂತ ನನಗೆ ಯಾರೂ ಹೇಳಬೇಕಾಗಿಲ್ಲ. ಟೇಪು ಹಿಡ್ಕಂಡು ಹತ್ರ ನಿಂತಿರೋವಾಗ ಅವರೇ ಕಿವೀಲಿ ಹೇಳ್ತಾರೆ.”

ನನ್ನ ಪ್ರಶ್ನಾವಳಿಗಿಂತ ಅವರ ಟೇಪು ಮೊದಲೇ ಕಂಡುಹಿಡಿದಿತ್ತು. ಒಳ್ಳೆಯವಳಾಗಿದ್ದರೆ ಅದನ್ನು ಅಲ್ಲೇ ಒಪ್ಪಿಕೊಳ್ಳುತ್ತಿದ್ದೆ. ನಾನು ಮಾಡಿದ್ದು, ಆ ನೋಟ್‌ಬುಕ್ ಬೀರುವಿನಲ್ಲಿಡದೆ ಮೇಜಿನ ಮೇಲೆ ಬಿಟ್ಟಿರುತ್ತಾರೆ ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡದ್ದು. ಚರ್ಚಾಸ್ಪರ್ಧೆಯಲ್ಲಿ ಪಳಗಿದವರಿಗೆ ಈ ಚಟ ಇರುತ್ತದೆ. ಎದುರಿನವರು ಮಾತಾಡುತ್ತಿದ್ದರೆ ನಾವು ಕೇಳಿಸಿಕೊಳ್ಳುವುದಿಲ್ಲ, ಸಂದು ಹುಡುಕುತ್ತೇವೆ. ಕಾಲೇಜಿನ ದಿನಗಳಲ್ಲಿ ನಾನು ಪರ ವಹಿಸಿದರೂ ಗೆಲ್ಲುತ್ತಿದ್ದೆ, ವಿರೋಧ ವಹಿಸಿದರೂ ಗೆಲ್ಲುತ್ತಿದ್ದೆ.

ಫೆಬ್ರವರಿಯ ಒಂದು ಶನಿವಾರ, ಎಲ್ಲರೂ ಹೋದ ಮೇಲೂ ನಾನು ಕೋಣೆಯಲ್ಲಿ ಉಳಿದೆ. ವರದಿ ಬರೆಯುವ ನೆಪ. ನಿಜ ಹೇಳಬೇಕೆಂದರೆ ಆ ಎರಡಡಿಯಿಂದ ಬರುವುದನ್ನು ಕೇಳಲು. ಅರ್ಧ ತಮಿಳು, ಅರ್ಧ ಕನ್ನಡ; ಆದರೂ ಅವತ್ತು ನನಗೆ ಪೂರ್ತಿ ಕತೆ ಅರ್ಥವಾಯಿತು.

ಹುಡುಗಿ ದೀಪಾವಳಿಯ ಹೊತ್ತಿಗೆ ದೊಡ್ಡವಳಾಗಿದ್ದಳು. ಅವರ ಜನರಲ್ಲಿ ಆಗ ತಾಯಿಯ ಅಣ್ಣನೋ ತಮ್ಮನೋ ತಟ್ಟೆ ಹೊತ್ತು ಬರಬೇಕು: ಲಂಗ, ದಾವಣಿ, ರವಿಕೆ, ಹೂವು, ಹಣ್ಣು. ಅವನೇ ಅವಳನ್ನು ಹಸೆಯ ಮೇಲೆ ಕೂರಿಸಬೇಕು. ಹಾಗೆ ಕೂರಿಸಿ ಹತ್ತು ಜನರೆದುರು ಅವನು ಹುಡುಗಿಯ ಬಗ್ಗೆ ಒಂದು ಮಾತು ಹೇಳಿದರೆ, ಅಪ್ಪನಾದವನು ಅದನ್ನು ಮೀರುವ ಹಾಗಿಲ್ಲ. ಆದರೆ ಈ ಮಾವ ತಂಗಿಯ ಮನೆಗೆ ಕಾಲಿಟ್ಟು ನಾಲ್ಕು ವರ್ಷವಾಗಿತ್ತು. ಊರು ಬಿಟ್ಟು ಕ್ವಾರಿಗೆ ಹೋಗಬೇಡಿ ಎಂದು ಜಗಳವಾಡಿದ್ದವನು ಈಗ ತಾನೇ ವರ್ಷವರ್ಷ ಅರಿಶಿನ ಬೇಯಿಸುವ ಕೆಲಸಕ್ಕೆ ಭೀಮನಬೀಡಿಗೆ ಬರುತ್ತಿದ್ದ. ಬೇಗೂರಿಗೆ ಒಂದೆರಡು ಗಂಟೆಯ ದಾರಿ. ಬರಿಗೈಯಲ್ಲಿ ಹೇಗೆ ಹೋಗಲಿ ಎಂದು ಹೋಗಿರಲಿಲ್ಲ. ಮಾವ ಬರದ ಹುಡುಗಿ ಎಂದು ಕ್ವಾರಿ ಕೂಲಿಗಳ ಶೆಡ್ಡಿನ ಹೆಂಗಸರು ಆಡಿಕೊಳ್ಳುತ್ತಿದ್ದರು. ತಾಯಿಮನೆಯೇ ಕೈಬಿಟ್ಟ ಮೇಲೆ ಗಿರಣಿಗೆ ಹೋದರೇನು, ಎಲ್ಲಿಗೆ ಹೋದರೇನು ಎಂದು ಹುಡುಗಿ ಸುಮ್ಮನಾಗಿದ್ದಳು.

ಹೊಲಿಗೆ ಮಿಸ್ಸು ಮಾಡಿದ್ದ ಉಪಾಯ ಸರಳವಾಗಿತ್ತು. ಶನಿವಾರದ ಆರು ಹುಡುಗಿಯರು ಸೇರಿ ಹಸಿರು ದಾವಣಿ, ಲಂಗ, ರವಿಕೆ ಹೊಲಿಯುವುದು. ಅದನ್ನು ಗುಟ್ಟಾಗಿ ಮಾವನ ಕೈಗೆ ಮುಟ್ಟಿಸುವುದು. ಮಾವ ಅದನ್ನೇ ತಟ್ಟೆಯಲ್ಲಿಟ್ಟು ತಾನು ತಂದದ್ದೆಂದು ಕೊಡುವುದು. ಹಸೆಯ ಮುಂದೆ ನಿಂತು ‘ಹತ್ತನೇ ಕ್ಲಾಸು ಮುಗಿಯೋತನಕ ಇವಳನ್ನ ಎಲ್ಲಿಗೂ ಕಳಿಸಕೂಡದು’ ಎನ್ನುವುದು. ಮಾವ ಒಪ್ಪಿದ್ದ. ಮರುದಿನದ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಶಾಸ್ತ್ರ.

ಇದನ್ನೆಲ್ಲ ಕೇಳಿ ನನಗೆ ಮೊದಲು ಅನ್ನಿಸಿದ್ದು ಒಂದೇ: ಇವಳು ಇದನ್ನು ನನಗೆ ಯಾಕೆ ಹೇಳಲಿಲ್ಲ? ಹನ್ನೊಂದು ಸಲ ಕೂತಳಲ್ಲ.

ಸೋಮವಾರ ಸ್ಟಾಫ್ ಮೀಟಿಂಗು. ನಾನು ಎದ್ದು ನಿಂತು ಮೂರು ಅಂಶ ಮಂಡಿಸಿದೆ. ಒಂದು, ತರಬೇತಿ ಇಲ್ಲದವರು ಮಕ್ಕಳ ಮನಸ್ಸಿನ ವಿಷಯಕ್ಕೆ ಕೈ ಹಾಕುವುದು ಅಪಾಯ. ಎರಡು, ಮಕ್ಕಳ ಗುಟ್ಟು ಬರೆದ ನೋಟ್‌ಬುಕ್ ಮೇಜಿನ ಮೇಲೆ ಬಿದ್ದಿರುತ್ತದೆ. ಮೂರು, ಶಾಲೆಯ ಮಿಷನ್ನಿನಲ್ಲಿ ಮೌಢ್ಯ ಹೊಲಿಯುತ್ತಿದ್ದಾರೆ. ಈ ಮೂರನೆಯದನ್ನು ವಿವರಿಸಲು ಎಲ್ಲವನ್ನೂ ಹೇಳಿದೆ: ಯಾರ ಮಗಳು, ಯಾವ ಮಾವ, ಆ ಮಾವನ ತಟ್ಟೆಗೆ ಹುಡುಗಿ ತಾನೇ ದಾವಣಿ ಹೊಲಿಯುತ್ತಿರುವುದು. “ಸೋದರಮಾವನ ತಟ್ಟೆ ಇವತ್ತು ಬರುತ್ತೆ, ಸೋದರಮಾವನ ತಾಳಿ ನಾಳೆ ಬರುತ್ತೆ. ಹೆಣ್ಣುಮಗು ಓದೋದಕ್ಕೆ ಒಬ್ಬ ಗಂಡಸಿನ ಅಪ್ಪಣೆ ಬೇಕು ಅಂತ ನಾವೇ ಕಲಿಸೋದಾ?” ಎಂದು ಮುಗಿಸಿದೆ.

ಸಾಲು ಚೆನ್ನಾಗಿ ಬಂದಿತ್ತು. ಗಣಿತದ ಮೇಷ್ಟ್ರು ತಲೆದೂಗಿದರು.

ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಂಡರು. “ಮಾವ ಬರೋ ಶಾಸ್ತ್ರ ನಮ್ಮಲ್ಲೂ ಅದೆ ಕಣಮ್ಮ. ಆದ್ರೆ ನೀವು ಹೇಳೋದು ರೂಲ್ಸ್ ಪ್ರಕಾರ ಸರಿ. ಶನಿವಾರದ ಕ್ಲಾಸು ಸದ್ಯಕ್ಕೆ ಬ್ಯಾಡ.”

ಹೊಲಿಗೆ ಮಿಸ್ಸು ಹೊರಗೆ ಹೋಗುವಾಗ ನನ್ನ ಹತ್ತಿರ ನಿಂತು, “ಅಷ್ಟು ಜೋರಾಗಿ ಹೇಳಬಾರದಿತ್ತು ಮೇಡಂ. ಕಿಟಕಿ ತೆಗೆದದೆ,” ಎಂದರು.

ಕಿಟಕಿಯಾಚೆ ಕೂತಿದ್ದ ಅಟೆಂಡರು ಬೇಗೂರಿನವನು. ಕೆಟ್ಟವನಲ್ಲ. ಸಂಜೆಯ ಬಸ್ಸಿನಲ್ಲಿ ಮಾತಿಗೆ ಮಾತು ಬಂದು ಹೇಳಿದ, ಅಷ್ಟೆ. ಮಾರನೆಯ ದಿನ ಶೆಡ್ಡಿಗೆಲ್ಲ ಗೊತ್ತಾಗಿತ್ತು. ಅದರ ಮಾರನೆಯ ದಿನ ಭೀಮನಬೀಡಿಗೂ ಗೊತ್ತಾಯಿತು. ಸೋದರಸೊಸೆ ಹೊಲಿದ ಬಟ್ಟೆ ಹೊತ್ತು ಬರುವ ಮಾವ ಎಂದು ಜೊತೆಯ ಆಳುಗಳೇ ರೇಗಿಸಿದರಂತೆ. ಅವನು ನಾನು ಬರುವುದಿಲ್ಲ ಎಂದು ಹೇಳಿ ಕಳಿಸಿದ. ಹುಡುಗಿ ಶಾಲೆಗೆ ಬರುವುದು ನಿಂತಿತು. ಅವಳಪ್ಪ ಪರೀಕ್ಷೆವರೆಗೆ ಯಾಕೆ, ಈಗಲೇ ಕರೆದುಕೊಂಡು ಹೋಗಿ ಎಂದು ಏಜೆಂಟನಿಗೆ ಫೋನು ಮಾಡಿಸಿದ. ಮುಂದಿನ ಸೋಮವಾರ ಗಾಡಿ ಬರುವುದೆಂದಾಯಿತು.

ನಾನು ಎರಡು ದಿನ ನನ್ನ ವಾದವನ್ನು ಹೊರಳಿಸಿ ಮಗುಚಿ ನೋಡಿದೆ. ಮೊದಲ ಅಂಶ ಸರಿಯಿತ್ತು. ಎರಡನೆಯದೂ ಸರಿಯಿತ್ತು. ಮಕ್ಕಳ ಗುಟ್ಟು ಕಾಪಾಡಬೇಕು ಎಂದು ವಾದಿಸುತ್ತಲೇ ಒಂದು ಮಗುವಿನ ಗುಟ್ಟನ್ನು ಹದಿನಾಲ್ಕು ಜನರ ಮುಂದೆ ಬಿಚ್ಚಿದವಳು ನಾನು. ಎದುರು ಪಕ್ಷದಲ್ಲಿ ನಾನಿದ್ದಿದ್ದರೆ ಅರ್ಧ ನಿಮಿಷದಲ್ಲಿ ನನ್ನನ್ನು ಮುಗಿಸುತ್ತಿದ್ದೆ.

ಶನಿವಾರ ಬೆಳಿಗ್ಗೆ ರಜೆ ಚೀಟಿ ಬರೆದಿಟ್ಟು ಹೊಲಿಗೆ ಮಿಸ್ಸಿನ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಯಾರದೋ ಕುಪ್ಪಸಕ್ಕೆ ಗುಂಡಿ ಹಾಕುತ್ತಿದ್ದರು. ತಲೆಯೆತ್ತದೆ ಕೇಳಿದರು:

“ತಪ್ಪಾಯ್ತು ಅನ್ನಕ್ಕೆ ಬಂದ್ರಾ, ವಾದ ಮಾಡಕ್ಕೆ ಬಂದ್ರಾ?”

“ತಪ್ಪಾಯ್ತು ಅನ್ನೋಕೆ. ಆದ್ರೆ ಮಧ್ಯದಲ್ಲಿ ವಾದ ಬಂದ್ರೂ ಬರಬಹುದು.”

ಅವರು ಹಲ್ಲಿನಲ್ಲಿ ದಾರ ಕಡಿದರು. “ಹಂಗಾದ್ರೆ ಚಪ್ಪಲಿ ಬಿಡಬೇಡಿ. ಭೀಮನಬೀಡಿನ ಬಸ್ಸು ಹತ್ತು ಗಂಟೆಗೆ. ಹೋಗನ ನಡೀರಿ.” ಒಳಗಿನಿಂದ ಒಂದು ಬಟ್ಟೆಯ ಚೀಲ ತಂದರು. ಹಸಿರು ದಾವಣಿ ಅದರಲ್ಲಿತ್ತು. ಕ್ಲಾಸು ನಿಂತ ಮೇಲೂ ಮನೆಯಲ್ಲಿ ಕೂತು ಮುಗಿಸಿದ್ದರು.

ಬಸ್ಸಿನಲ್ಲಿ ನಾನು ಸುಮ್ಮನಿರಲಾಗದೆ ಕೇಳಿದೆ: “ಆ ಮಾವನೇ ಮುಂದೆ ಅವಳನ್ನ ಮದುವೆಯಾಗ್ತೀನಿ ಅಂದ್ರೆ?”

“ಅವನಿಗೆ ಮದುವೆಯಾಗಿ ಮೂರು ಮಕ್ಕಳವೆ ಮೇಡಂ. ದೊಡ್ಡೋಳು ಇವಳಿಗಿಂತ ದೊಡ್ಡೋಳು. ನನ್ನ ಕೇಳಿದ್ರೆ ಹೇಳ್ತಿದ್ದೆ.” ಕಿಟಕಿಯ ಹೊರಗೆ ನೋಡುತ್ತ ಮುಂದುವರಿಸಿದರು. “ನಾನೂ ಘಟ್ಟದ ಕೆಳಗಿನೋಳೇ, ತಮಿಳುನಾಡು ಕಡೆ. ಮದುವೆಯಾಗಿ ಇಲ್ಲಿಗೆ ಬಂದಾಗ ಹದಿನೇಳು ವರ್ಷ. ಕನ್ನಡ ಬಸ್ಸಿನ ಬೋರ್ಡಿನ ಮೇಲೆ ಮಾತ್ರ ನೋಡಿದ್ದೆ. ವರ್ಷ ತುಂಬೋಗಂಟ ತವರಿಂದ ಒಬ್ಬರೂ ಬರಲಿಲ್ಲ. ಆಗ ನಾನೂ ಊಟ ಬಿಟ್ಟಿದ್ದೆ. ನಮ್ಮತ್ತೆ ರವಿಕೆ ಹೊಲಿಯಕ್ಕೆ ಅಳತೆ ತಗೊಂಡಾಗ ಗೊತ್ತಾಯ್ತು.”

ಅವರ ದುಃಖದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಆ ದುಃಖ ಅವರ ಕೆಲಸಕ್ಕೆ ಬರುತ್ತಿತ್ತು. ನನ್ನ ಬಳಿ ಅಂಥದ್ದೇನೂ ಇರಲಿಲ್ಲ, ಪ್ರಶ್ನಾವಳಿ ಇತ್ತು.

ಭೀಮನಬೀಡಿನಲ್ಲಿ ಊರಾಚೆಯ ಕಣದಲ್ಲಿ ಅರಿಶಿನ ಬೇಯುತ್ತಿತ್ತು. ದೊಡ್ಡ ಕೊಪ್ಪರಿಗೆ, ಮೇಲೆ ಗೋಣಿಚೀಲ ಮುಚ್ಚಿ, ಕೆಳಗೆ ಒಣಗಿದ ಅರಿಶಿನದೆಲೆ ತುರುಕಿ ಉರಿ ಹಾಕಿದ್ದರು. ಕಣದ ತುಂಬ ಬೇಯಿಸಿದ ಕೊಂಬು ಒಣಗುತ್ತಿತ್ತು. ಮಾವ ಕೊಪ್ಪರಿಗೆಯ ಬಳಿ ನಿಂತು ಒಂದು ಕೊಂಬನ್ನು ಎತ್ತಿ ಕಡ್ಡಿ ಚುಚ್ಚಿ ನೋಡುತ್ತಿದ್ದ. ಕಡ್ಡಿ ಮೆತ್ತಗೆ ಇಳಿದರೆ ಬೆಂದಿದೆ ಎಂದು ಲೆಕ್ಕ. ಅವನ ಮೊಣಕೈವರೆಗೂ ಹಳದಿ. ಹೊಲಿಗೆ ಮಿಸ್ಸನ್ನು ಕಂಡು ತಲೆಯ ಟವೆಲ್ ತೆಗೆದ. ನಾನು ಯಾರೆಂದು ತಿಳಿದ ಮೇಲೆ ಮತ್ತೆ ಸುತ್ತಿಕೊಂಡ.

ನಾನು ಶುರು ಮಾಡಿದೆ. ಹುಡುಗಿಯ ಭವಿಷ್ಯ, ಗಿರಣಿಯ ಕಷ್ಟ, ಮಾವನ ಕರ್ತವ್ಯ. ಒಂದೊಂದೂ ಸರಿಯಾದ ಮಾತೇ. ಅವನು ಕೊಪ್ಪರಿಗೆಯ ಉರಿಗೆ ಎಲೆ ತುರುಕುತ್ತಲೇ ಇದ್ದ. ನಾನು ದನಿ ಏರಿಸಿದೆ. ಹೊಲಿಗೆ ಮಿಸ್ಸು ನನ್ನ ತೋಳು ಚಿವುಟಿದರು. “ಸುಮ್ನಿರಮ್ಮಿ!”

ಅಷ್ಟು ದಿನ ಮೇಡಂ ಆಗಿದ್ದವಳು ಅಮ್ಮಿ ಆದೆ. ಬಾಯಿ ಮುಚ್ಚಿತು.

ಆಗ ಮಾವ ಹೇಳಿದ: “ನೀವು ಓದಿರೋರು ಅಮ್ಮಾ. ನಾನು ಬರಿಗೈಯವನು ಅಂತ ಮೊದಲು ನನಗೊಬ್ಬನಿಗೇ ಗೊತ್ತಿತ್ತು. ಈಗ ಊರಿಗೇ ಗೊತ್ತು. ಆ ಬಟ್ಟೆ ಹಿಡ್ಕಂಡು ಹೋದ್ರೆ ತಂಗಿ ಮುಖ ಎತ್ತಕ್ಕಾಯ್ತದಾ?”

ಚರ್ಚೆಯಲ್ಲಿ ಉತ್ತರವಿಲ್ಲದಾಗ ವಿಷಯ ಬದಲಿಸಬೇಕು, ಅಥವಾ ಎದುರಿನವರನ್ನು ನಗೆಪಾಟಲು ಮಾಡಬೇಕು. ಎರಡೂ ನನಗೆ ಚೆನ್ನಾಗಿ ಬರುತ್ತಿದ್ದವು. ಎರಡನ್ನೂ ಮಾಡದೆ, “ತಪ್ಪು ನಂದು. ನಾನು ಹೇಳಬಾರದಿತ್ತು,” ಎಂದೆ. ಆಮೇಲೆ, ಆ ಶಾಲೆಗೆ ಬಂದಂದಿನಿಂದ ಮೊದಲ ಸಲ, ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಕೇಳಿದೆ: “ನಿಮ್ಮೂರಲ್ಲಿ ಮಾವ ತರೋ ತಟ್ಟೆಯಲ್ಲಿ ಎಲ್ಲಕ್ಕಿಂತ ಮೊದಲು ಏನಿಡ್ತಾರೆ? ಬಟ್ಟೇನಾ?”

“ಬಟ್ಟೆ ಆಮೇಲೆ ಅಮ್ಮಾ. ಮೊದಲು ಅರಿಶಿನ. ಅದನ್ನ ಅರೆದು ಹಚ್ಚಿ ನೀರು ಹುಯ್ದ ಮೇಲೇನೇ ಬಟ್ಟೆ.”

ಹೇಳಿ ಮುಗಿಸುವಷ್ಟರಲ್ಲಿ ಎಲೆ ತುರುಕುತ್ತಿದ್ದ ಅವನ ಕೈ ನಿಂತಿತು. ಮೂವರೂ ಕಣದ ಕಡೆ ನೋಡಿದೆವು. ಇಡೀ ಕಣ ಹಳದಿಯಾಗಿ ಹರಡಿಕೊಂಡಿತ್ತು.

ಕಣದ ಯಜಮಾನರು, ಹಣೆಯಲ್ಲಿ ವಿಭೂತಿ ಇದ್ದ ಹಿರಿಯ ರೈತರು, ಹುಣಸೆ ಮರದ ನೆರಳಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. “ಏನ್ಲಾ ನೋಡ್ತಾ ನಿಂತಿದ್ದೀಯ? ನಾಲ್ಕು ವರ್ಷದಿಂದ ಇದನ್ನ ಬೇಯಿಸಿರೋನು ನೀನು. ನಿನ್ನ ಕೈ ಅರಿಶಿನ ನಿನ್ನ ಸೊಸೆಗಿಲ್ವೇನ್ಲಾ? ಒಂದು ಮೊರ ತುಂಬ್ಕೊ. ಸಣ್ಣವು ಬ್ಯಾಡ ಕಣ್ಲಾ, ಗಟ್ಟಿ ಕೊಂಬು ಆರಿಸ್ಕೊ.”

ಅವನು ಕೂತು ಆರಿಸತೊಡಗಿದ. ಒಂದೊಂದೇ ಎತ್ತಿ, ಉಜ್ಜಿ, ಮುರಿದು ಬಣ್ಣ ನೋಡಿ. ಅಷ್ಟು ಹೊತ್ತು ತೆಗೆದುಕೊಂಡ ಎಂದರೆ ನಮ್ಮ ಮಧ್ಯಾಹ್ನದ ಬಸ್ಸು ತಪ್ಪಿತು.

ಭಾನುವಾರ ಬೇಗೂರಿನ ಶೆಡ್ಡಿನ ಮುಂದೆ ಮಾವ ಬಂದ. ಹಸಿರು ದಾವಣಿ ತಟ್ಟೆಯಲ್ಲಿತ್ತು. ಯಾರು ಹೊಲಿದದ್ದೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಅದರ ಮಾತೆತ್ತಲಿಲ್ಲ. ಅವರು ನೋಡುತ್ತಿದ್ದದ್ದು ಮೊರವನ್ನು. ಒಬ್ಬ ಮುದುಕಿ ಒಂದು ಕೊಂಬು ಮುರಿದು ಮೂಸಿ, ಪಕ್ಕದವಳಿಗೆ ಕೊಟ್ಟಳು. ಅದು ಸಾಲಿನ ಕೊನೆಯವರೆಗೆ ಹೋಗಿ ಬಂತು. ತಂಗಿ ಅಣ್ಣನ ಮುಖ ನೋಡದೆ ಅವನ ಹಳದಿ ಕೈಯನ್ನೇ ನೋಡುತ್ತ ನಿಂತಿದ್ದಳು. ಶಾಸ್ತ್ರ ಮುಗಿದ ಮೇಲೆ ಅವನು ಎಲ್ಲರಿಗೂ ಕೇಳುವಂತೆ ಹೇಳಬೇಕಾದ ಮಾತು ಹೇಳಿದ. ಹುಡುಗಿಯ ಅಪ್ಪ ನೆಲ ನೋಡುತ್ತ, “ಮಾವ ಹೇಳಿದ ಮೇಲೆ ಆಯ್ತು,” ಎಂದ. ಸೋಮವಾರ ಬಂದ ಗಾಡಿ ಖಾಲಿ ಹೋಯಿತು.

ಹೆಣ್ಣುಮಗು ಓದಲು ಒಬ್ಬ ಗಂಡಸಿನ ಅಪ್ಪಣೆ ಯಾಕೆ ಬೇಕು ಎಂಬ ನನ್ನ ಪ್ರಶ್ನೆ ಈಗಲೂ ನನ್ನ ಬಳಿಯೇ ಇದೆ. ಅದನ್ನು ನಾನು ಬಿಟ್ಟುಕೊಟ್ಟಿಲ್ಲ. ಆದರೆ ಆ ಭಾನುವಾರ ಆ ಪ್ರಶ್ನೆಯಿಂದ ಗಾಡಿ ನಿಲ್ಲುತ್ತಿರಲಿಲ್ಲ.

ಆ ವಾರದ ಸ್ಟಾಫ್ ಮೀಟಿಂಗಿನಲ್ಲಿ ನಾನು ಮತ್ತೆ ಎದ್ದು ನಿಂತೆ. ನನ್ನದೇ ಮೂರು ಅಂಶಗಳನ್ನು ಒಂದೊಂದಾಗಿ ಕೆಡವಿದೆ. ನೋಟ್‌ಬುಕ್ಕಿಗೆ ಬೀಗದ ಬೀರು ಬೇಕು ಎನ್ನುವುದನ್ನು ಮಾತ್ರ ಉಳಿಸಿಕೊಂಡೆ. ಹೆಡ್‌ಮಾಸ್ಟರು ನಕ್ಕುಬಿಟ್ಟರು. “ಏನಮ್ಮಾ, ಹೋದ ಸಲ ಇಷ್ಟೇ ಜೋರಾಗಿ ಉಲ್ಟಾ ಹೇಳಿದ್ರಲ್ಲ!” ಆದರೂ ಶನಿವಾರದ ಕ್ಲಾಸು ಮತ್ತೆ ಶುರುವಾಯಿತು. ಈ ಸಲ ನಾನೇ ಹೋಗಿ ಕಿಟಕಿ ಹಾಕಿ ಬಂದು ಮಾತಾಡಿದ್ದೆ.

ತಿಂಗಳ ಕೊನೆಗೆ ಸಂಸ್ಥೆಯ ಚಾಮರಾಜನಗರ ಕಚೇರಿಯಲ್ಲಿ ವರದಿ ಕೊಡಬೇಕಿತ್ತು. ನಮೂನೆಯಲ್ಲಿ ‘ಸಮಾಲೋಚಕರು ಕೈಗೊಂಡ ಕ್ರಮ’ ಎಂಬ ಕಾಲಂ ಇತ್ತು. ಅದರಲ್ಲಿ ‘ಹೊಲಿಗೆ ಶಿಕ್ಷಕಿ ಕೈಗೊಂಡ ಕ್ರಮ’ ಎಂದು ತಿದ್ದಿ, ನಡೆದದ್ದನ್ನು ಹೆಸರಿಲ್ಲದೆ ಬರೆದಿದ್ದೆ. ಸಂಸ್ಥೆಯ ಮೇಲ್ವಿಚಾರಕರು ಓದಿ, ನನ್ನ ತಿದ್ದುಪಡಿಯನ್ನು ಹೊಡೆದುಹಾಕಿ, “ಇದು ನಿಮ್ಮ ಕೇಸಲ್ವಾ? ನಿಮ್ಮ ಹೆಸರಲ್ಲೇ ಇರಲಿ. ಒಳ್ಳೆ ಕೆಲಸ,” ಎಂದರು. ಆ ಕ್ಷಣ ನನಗೆ ಖುಷಿಯಾಯಿತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕಾಗದ ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನವರೆಗೂ ಬಂದೆ. ಬಸ್ಸು ಹತ್ತಿದೆ, ಇಳಿದೆ, ವಾಪಸು ಹೋಗಿ ಹೊಸ ನಮೂನೆ ಕೇಳಿ ಮೊದಲಿನಂತೆಯೇ ಬರೆದು ಕೊಟ್ಟೆ. ಮೇಲ್ವಿಚಾರಕರು ನನ್ನನ್ನು ವಿಚಿತ್ರವಾಗಿ ನೋಡಿದರು.

ಮಾರನೆಯ ಶನಿವಾರ ಹೊಲಿಗೆ ಕೋಣೆಗೆ ಹೋಗಿ ಅದನ್ನು ಅವರಿಗೆ ಹೇಳಿದೆ. ನಿಜವಾಗಿ ಹೇಳಬೇಕೆಂದರೆ ಹೊಗಳಲಿ ಎಂದೇ ಹೇಳಿದೆ. ಅವರು ಕತ್ತರಿ ನಿಲ್ಲಿಸದೆ, “ನನ್ನದ್ಯಾಕೆ ಬರೆದ್ರಿ? ಆ ಅರಿಶಿನ ಆರಿಸಿದೋನದು ಬರೀಬೇಕಿತ್ತು,” ಎಂದರು.

ಅಲ್ಲೂ ಅವರೇ ಮುಂದೆ. ನಾನು ಬಾಗಿಲ ಬಳಿಯೇ ನಿಂತಿದ್ದೆ. ಆ ಹುಡುಗಿ ಮೂಲೆಯ ಮಿಷನ್ನಿನಲ್ಲಿ ಕೂತಿದ್ದಳು. ಒಳಗೆ ಬರುವಾಗ ನನ್ನ ಕಡೆ ನೋಡಿರಲಿಲ್ಲ. ನನ್ನ ಕೋಣೆಯ ಖಾಲಿ ಕುರ್ಚಿಯ ಕಡೆಗೂ ನೋಡದೆ ಹಾದು ಬಂದಿದ್ದಳು. ಈಗ ಪೆಡಲ್ ತುಳಿಯುವುದು ನಿಲ್ಲಿಸಿ, ನೆಲದ ಕಡೆ ಬೆರಳು ತೋರಿಸಿದಳು.

“ಮೇಡಂ, ಸ್ವಲ್ಪ ಕಾಲೆತ್ತಿ. ದಾರ ತುಳೀತಿದ್ದೀರ.”

ಅವಳು ನನ್ನ ಜೊತೆ ಆಡಿದ ಮೊದಲ ಮಾತು. ನಾನು ಕಾಲೆತ್ತಿದೆ.